ಉಚ್ಚ ಶಿಕ್ಷಣದಲ್ಲಿ ಕಲಿಕೆಯೂ ಪರೀಕ್ಷೆಯೂ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ನಾಡು-ನುಡಿಗಳ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ಅದು ಆಗತಕ್ಕದ್ದೇ. ಆದರೆ ಈ ಸಲ ಕಾರ್ಯಕಾರಿ ಮಂಡಳಿಯವರು ನಮಗೆ ಒಪ್ಪಿಸಿದ ವಿಷಯ ಬೇರೆ. ಕಾಲೇಜುಗಳಲ್ಲಿ ಕಲಿಸುವ ಬಗೆ, ಕಲಿಯುವ ಬಗೆ, ಕಲಿತದ್ದನ್ನು ಅಳೆಯುವ ಬಗೆ ಈ ಮೂರೂ ಹೇಗೆ ಸುಧಾರಿಸಬೇಕೆಂಬುದರ ಕುರಿತು ನಾಲ್ಕು ಮಾತು ಹೇಳಬೇಕೆಂದು ಅವರ ಅಪ್ಪಣೆಯಾಗಿದೆ. ಹಬ್ಬದ ದಿನ ಇಂಥ ಒಣ ವಿಷಯವೇಕೆ ಎಂದು ಕೆಲವರಿಗೆ ಅನಿಸೀತು. ನಮಗೆ ಹಾಗೆ ಅನಿಸುವುದಿಲ್ಲ. ಪುಣೆಯ ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ವಿಷಯ ಇನ್ನೊಂದಿಲ್ಲವೆಂದೇ ನಾವು ತಿಳಿದಿದ್ದೇವೆ.

ಯಾಕೆಂದರೆ, ಕನ್ನಡಿಗರು ಈ ಊರಿನ ಹಾದಿ ಹಿಡಿದದ್ದೇ ಬಹುಮಟ್ಟಿಗೆ ವಿದ್ಯೆಗಾಗಿ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಹುಟ್ಟಿದ್ದು 1917ರಲ್ಲಿ. ಅದಕ್ಕೆ ಮೊದಲು ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳ ಹುಡುಗರು ಮ್ಯಾಟ್ರಿಕ್ ಮುಗಿಸಿದ ಮೇಲೆ ಹೆಚ್ಚಾಗಿ ಪುಣೆಗೋ ಮುಂಬಯಿಗೋ ಗಂಟು ಕಟ್ಟಬೇಕಾಗುತ್ತಿತ್ತು. ಇಲ್ಲಿ ಡೆಕ್ಕನ್ ಕಾಲೇಜು ಇತ್ತು. 1854ರಲ್ಲಿ ಆರಂಭವಾದ ಇಂಜಿನಿಯರಿಂಗ್ ವಿದ್ಯಾಲಯವಿತ್ತು. 1885ರಿಂದ ಫರ್ಗ್ಯುಸನ್ ಕಾಲೇಜು ಇತ್ತು. ವರಕವಿ ಬೇಂದ್ರೆಯವರು ಫರ್ಗ್ಯುಸನ್ನಿನಲ್ಲಿ ಓದಿ 1918ರಲ್ಲಿ ಬಿ.ಎ. ಆದರು. ಅಗರಖೇಡದ ಶ್ರೀರಂಗರು ಡೆಕ್ಕನ್ ಕಾಲೇಜಿನಲ್ಲಿ ಓದಿ ಮುಂದೆ ಲಂಡನ್ನಿಗೆ ಹೋದರು. ಗೋಕಾಕರು ತಮ್ಮ ಅಧ್ಯಾಪಕ ವೃತ್ತಿಯ ಮೊದಲ ವರ್ಷಗಳಲ್ಲಿ ಫರ್ಗ್ಯುಸನ್ನಿನಲ್ಲಿ ಇಂಗ್ಲಿಷ್ ಕಲಿಸಿದರು. ಉಡುಪಿ ಕಡೆಯ ಹೋಟೆಲಿನವರೂ, ಪಿಂಪ್ರಿ-ಚಿಂಚವಾಡದ ಕಾರಖಾನೆಗಳ ಕೆಲಸಗಾರರೂ, ಇತ್ತೀಚೆಗೆ ಹಿಂಜವಡಿಯ ಸಾಫ್ಟ್‌ವೇರ್ ಕಚೇರಿಗಳ ತರುಣರೂ ಬಂದದ್ದು ಅನಂತರದ ಮಾತು. ಹೊಟ್ಟೆಯ ಹಾದಿಗಿಂತ ಮೊದಲು ವಿದ್ಯೆಯ ಹಾದಿ ತೆರೆದಿತ್ತು. ಇಂದಿಗೂ ಜೂನ್ ತಿಂಗಳು ಬಂತೆಂದರೆ ನಮ್ಮ ಮನೆಗಳಿಗೆ ಊರಿನಿಂದ ಫೋನು ಬರುವುದು ಇದಕ್ಕಾಗಿಯೇ: "ನಮ್ಮ ಹುಡುಗಗ ಅಲ್ಲಿ ಕಾಲೇಜಿನಾಗ ಸೀಟು ಆಗೇದ, ಇರಲಿಕ್ಕೆ ಒಂದು ಜಾಗಾ ನೋಡ್ರಿ."

ಜಾಗ ನೋಡುತ್ತೇವೆ. ಕಾಟ್ ಬೇಸಿಸ್ ಮೇಲೆ ಒಂದು ಕೋಣೆ, ಹತ್ತಿರದಲ್ಲೊಂದು ಮೆಸ್ಸು ಗೊತ್ತುಮಾಡಿಕೊಡುತ್ತೇವೆ. ಅಲ್ಲಿಗೆ ಕೆಲಸ ಮುಗಿಯಿತೆಂದು ಎಲ್ಲರೂ ಭಾವಿಸುತ್ತಾರೆ. ಆದರೆ ಹುಡುಗನ ನಿಜವಾದ ತೊಡಕು ಆಗ ಆರಂಭವಾಗುತ್ತದೆ. ಆ ತೊಡಕಿನ ಕುರಿತು ಮಾತಾಡುವ ಮುಂಚೆ ಅದರ ಬೇರು ಎಲ್ಲಿದೆಯೆಂಬುದನ್ನು ಕೊಂಚ ನೋಡೋಣ.

ನಮ್ಮ ಆಧುನಿಕ ಉಚ್ಚ ಶಿಕ್ಷಣ 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿದ್ಯಾಪೀಠದ ನೆರಳಿನಲ್ಲಿ ಬೆಳೆಯಿತು. ಕಲಕತ್ತೆ, ಮದ್ರಾಸುಗಳಂತೆ ಇದಕ್ಕೂ ಅಂದಿನ ಲಂಡನ್ ವಿಶ್ವವಿದ್ಯಾಲಯವೇ ಮಾದರಿ. ಅಂದರೆ, ವಿದ್ಯಾಪೀಠ ಕಲಿಸುವ ಸಂಸ್ಥೆಯಲ್ಲ. ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆ. ಕಲಿಸುವುದು ಕಾಲೇಜುಗಳ ಪಾಲಿಗೆ. ಪಾಠ ಹೇಳಿದವರೊಬ್ಬರು, ಪ್ರಶ್ನೆ ತೆಗೆದವರೊಬ್ಬರು, ಉತ್ತರ ತಿದ್ದಿದವರು ಮತ್ತೊಬ್ಬರು. ಈ ಏರ್ಪಾಡಿನಲ್ಲಿ ಪಕ್ಷಪಾತಕ್ಕೆ ಎಡೆ ಕಡಿಮೆಯೆಂಬ ಗುಣವಿದೆ, ಅದನ್ನು ಅಲ್ಲಗಳೆಯಬಾರದು. ಆದರೆ ವಿದ್ಯಾರ್ಥಿ ಎಲ್ಲಿ ಎಡವಿದನೆಂಬುದು ಅವನಿಗೆ ಕಲಿಸಿದವರಿಗೆ ಗೊತ್ತಾಗಲಿಲ್ಲ. ತಿದ್ದಿದವರಿಗೆ ಗೊತ್ತಾದರೂ ಅವರು ಅವನ ಮುಖ ಕಾಣಲಿಲ್ಲ. ವೈದ್ಯನೊಬ್ಬ ನಾಡಿ ನೋಡಿ, ಇನ್ನೊಬ್ಬ ಔಷಧ ಬರೆದು, ಮೂರನೆಯವನು ರೋಗಿ ಬದುಕಿದನೋ ಸತ್ತನೋ ಎಂದು ದಾಖಲೆ ಇಟ್ಟ ಹಾಗಾಯಿತು.

ಇದರಿಂದ ಹುಟ್ಟಿದ ಸಂತಾನವನ್ನು ಪುಣೆಯವರಿಗೆ ಬೇರೆ ತೋರಿಸಬೇಕಾಗಿಲ್ಲ. ಅಪ್ಪಾ ಬಳವಂತ ಚೌಕಕ್ಕೆ ಹೋಗಿ ನಿಂತರೆ ಸಾಕು. ಮೂಲ ಗ್ರಂಥಗಳ ಪಕ್ಕದಲ್ಲಿಯೇ ಗೈಡುಗಳು, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು, ಬರೇ ಉತ್ತರಗಳ ಪುಸ್ತಕಗಳು ರಾಶಿ ಬಿದ್ದಿರುತ್ತವೆ. ಹುಡುಗ ಕೇಳುವುದು "ಈ ವಿಷಯ ಏನು?" ಎಂದಲ್ಲ, "ಇದರಲ್ಲಿ ಇಂಪಾರ್ಟೆಂಟ್ ಯಾವುದು?" ಎಂದು. ಉರು ಹೊಡೆದು, ಬರೆದು, ಮರೆತು, ಮುಂದಿನ ತರಗತಿಗೆ ಹೋಗುವುದು. ಹಿರಿಯರು ಇಂಥದಕ್ಕೆ ಪುಸ್ತಕದ ಬದನೆಕಾಯಿ ಎಂದರು. ನೋಡಲಿಕ್ಕೆ ಬದನೆಕಾಯಿಯೇ, ಆದರೆ ಪಲ್ಯಕ್ಕೆ ಬರುವುದಿಲ್ಲ.

ಈ ದೋಷ ಯಾರಿಗೂ ಕಾಣಲಿಲ್ಲವೆಂದಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ, 1948-49ರಲ್ಲಿ, ಡಾ. ರಾಧಾಕೃಷ್ಣನ್ನರ ಅಧ್ಯಕ್ಷತೆಯ ಆಯೋಗವು ವಿಶ್ವವಿದ್ಯಾಲಯಗಳ ಸ್ಥಿತಿಯನ್ನು ಪರಿಶೀಲಿಸಿ, ಎಲ್ಲಕ್ಕಿಂತ ಮೊದಲು ಆಗಬೇಕಾದ ಸುಧಾರಣೆ ಪರೀಕ್ಷೆಯದೇ ಎಂಬ ಅಭಿಪ್ರಾಯಕ್ಕೆ ಬಂದಿತು. ಅದೇ 1949ರಲ್ಲಿ ಪುಣೆ ವಿದ್ಯಾಪೀಠವೂ ಕರ್ನಾಟಕ ವಿಶ್ವವಿದ್ಯಾಲಯವೂ ಸ್ಥಾಪಿತವಾದವೆಂಬುದು ಗಮನಿಸತಕ್ಕ ಸಂಗತಿ. ಒಂದೇ ಮುಂಬಯಿ ತಾಯಿಯ ಇಬ್ಬರು ಮಕ್ಕಳವು. 1964-66ರ ಕೊಠಾರಿ ಆಯೋಗವೂ ವರ್ಷವಿಡೀ ನಡೆಯುವ ಒಳಮೌಲ್ಯಮಾಪನ ಬೇಕೆಂದು ಹೇಳಿತು. ಇಂದು, 2014ರಿಂದ ಸಾವಿತ್ರಿಬಾಯಿ ಫುಲೆಯವರ ಹೆಸರು ಹೊತ್ತಿರುವ ಇಲ್ಲಿಯ ವಿದ್ಯಾಪೀಠದಲ್ಲಿ ಸೆಮಿಸ್ಟರುಗಳಿವೆ, ಕ್ರೆಡಿಟ್ಟುಗಳಿವೆ, ಒಳ ಅಂಕಗಳಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಂಠಪಾಠ ಬಿಡಿಸಿ ತಿಳಿವಳಿಕೆಯನ್ನು ಅಳೆಯಬೇಕೆನ್ನುತ್ತದೆ. ಹೊರಗಿನ ಚೌಕಟ್ಟು ಬದಲಾಗಿದೆ. ಒಳಗಿನ ರೂಢಿ ಮಾತ್ರ ಅನೇಕ ಕಡೆಗಳಲ್ಲಿ ಹಾಗೆಯೇ ಉಳಿದಿದೆ. ಒಳ ಅಂಕಕ್ಕಾಗಿ ಕೊಟ್ಟ ಮನೆಗೆಲಸವನ್ನು ಒಬ್ಬ ಬರೆದರೆ ಇಪ್ಪತ್ತು ಜನ ನಕಲು ಮಾಡುತ್ತಾರೆ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಮೇಲೆ ನಕಲು ಮಾಡುವ ಶ್ರಮವೂ ಉಳಿಯಿತು, ಯಂತ್ರವೇ ಬರೆದುಕೊಡುತ್ತದೆ. ಸುಧಾರಣೆ ಕಾಗದದ ಮೇಲೆ ಬಂದರೆ ಸಾಲದು, ತರಗತಿಯ ಒಳಗೆ ಬರಬೇಕೆಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಒಳ್ಳೆಯ ಕಲಿಕೆ ಎಂದರೆ ಯಾವುದು? ಇದಕ್ಕೆ ದೂರ ಹೋಗಬೇಕಾಗಿಲ್ಲ. ಜೋಳದ ರೊಟ್ಟಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅವ್ವ ರೊಟ್ಟಿ ಬಡಿಯುವುದನ್ನು ಮಗಳು ಹತ್ತು ವರ್ಷ ಕೂತು ನೋಡಿದರೂ ರೊಟ್ಟಿ ಬಡಿಯಲು ಬರುವುದಿಲ್ಲ. ಹಿಟ್ಟು ನಾದಿ, ಅಂಗೈಯಲ್ಲಿ ಹಿಡಿದು, ನಾಲ್ಕು ರೊಟ್ಟಿ ಹರಿದು ಹಾಳಾದ ಮೇಲೆ, "ನೀರು ಹೆಚ್ಚಾತು, ಅಂಚು ತೆಳ್ಳಗ ಮಾಡು" ಎಂದು ಅವ್ವ ಅಲ್ಲಿಯೇ ಹೇಳಿದ ಮೇಲೆ ಐದನೆಯದು ದುಂಡಗಾಗುತ್ತದೆ. ಇದರಲ್ಲಿ ಕಲಿಸುವುದು, ಕಲಿಯುವುದು, ಅಳೆಯುವುದು ಮೂರೂ ಒಂದೇ ಒಲೆಯ ಮುಂದೆ ನಡೆದವು. ಯಾರೂ ಆರು ತಿಂಗಳ ತರುವಾಯ ಆ ರೊಟ್ಟಿಗೆ ನೂರಕ್ಕೆ ನಾಲ್ವತ್ತು ಅಂಕ ಕೊಟ್ಟು ಕಳಿಸಲಿಲ್ಲ.

ನಮ್ಮ ಸಂಗೀತದವರು ಕಲಿತದ್ದೂ ಹೀಗೆಯೇ. ಗದಗ ಸೀಮೆಯ ಭೀಮಸೇನ ಜೋಶಿಯವರು ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ವರ್ಷಗಟ್ಟಲೆ ಕೂತು ಕಲಿತರು. ಪುಣೆಯಲ್ಲಿ ನೆಲೆಸಿ, 1953ರಿಂದ ಗುರುವಿನ ನೆನಪಿನ ಸಂಗೀತೋತ್ಸವವನ್ನು ನಡೆಸಿದರು. ಅದು ಈ ಊರಿನ ಡಿಸೆಂಬರ್ ತಿಂಗಳಿನ ಹಬ್ಬವೇ ಆಗಿದೆ. ಆ ಕಲಿಕೆಯಲ್ಲಿ ಗುರು ಹಾಡುತ್ತಾನೆ, ಶಿಷ್ಯ ಹಾಡುತ್ತಾನೆ, ಗುರು ಕೇಳಿ ತಿದ್ದುತ್ತಾನೆ, ಶಿಷ್ಯ ಮತ್ತೆ ಹಾಡುತ್ತಾನೆ. ಆದರೆ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಆ ಪದ್ಧತಿ ಬೆರಳೆಣಿಕೆಯ ಶಿಷ್ಯರದು. ಎಷ್ಟೋ ಜನರಿಗೆ ಅದರ ಬಾಗಿಲೇ ತೆರೆದಿರಲಿಲ್ಲ. ಕಾಲೇಜಿನ ತರಗತಿಯಲ್ಲಿ ಎಂಬತ್ತು, ನೂರು ಹುಡುಗರಿರುತ್ತಾರೆ. ಇದ್ದಕ್ಕಿದ್ದ ಹಾಗೆ ಗುರುಕುಲವನ್ನು ತಂದು ಅಲ್ಲಿ ನೆಡಲಾಗದು. ಅದರ ಜೀವಾಳವನ್ನು, ಎಂದರೆ ಕೂಡಲೇ ತಿದ್ದುವ ಗುಣವನ್ನು, ದೊಡ್ಡ ತರಗತಿಗೆ ಹೇಗೆ ತರಬಹುದೆಂಬುದೇ ಪ್ರಶ್ನೆ.

ಈ ಪ್ರಶ್ನೆಯನ್ನು ಹಿಡಿದು ಹೊರದೇಶಗಳ ವಿದ್ವಾಂಸರು ಸಾಕಷ್ಟು ಪರಿಶ್ರಮ ಪಟ್ಟಿದ್ದಾರೆ. ಅವರ ಕೆಲಸದಿಂದ ನಾಲ್ಕು ಸಂಗತಿಗಳನ್ನು ಮಾತ್ರ ಎತ್ತಿ ಹೇಳುತ್ತೇವೆ.

ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು 2006ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕಾಲೇಜಿನ ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದೇ ಸರದಿ ಓದಿ, ಪುಸ್ತಕ ಮುಚ್ಚಿ, ಮೂರು ಸಲ ನೆನಪಿನಿಂದ ಬರೆಯಿತು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು. ಆದರೆ ಒಂದು ವಾರದ ಬಳಿಕ ಓದಿದವರ ನೆನಪಿನಲ್ಲಿ ನೂರಕ್ಕೆ ಸುಮಾರು 40 ಉಳಿದಿದ್ದರೆ, ಪುಸ್ತಕ ಮುಚ್ಚಿ ಬರೆದವರ ನೆನಪಿನಲ್ಲಿ 61 ಉಳಿದಿತ್ತು. ಪರೀಕ್ಷೆಯೆಂಬುದು ಕಲಿತದ್ದನ್ನು ಅಳೆಯುವ ಕೋಲು ಮಾತ್ರವಲ್ಲ, ಕಲಿಯುವ ಸಾಧನವೂ ಹೌದೆಂದು ಇದರಿಂದ ಸಿದ್ಧವಾಯಿತು. ದೋಷ ಪರೀಕ್ಷೆಯಲ್ಲಿಲ್ಲ, ವರ್ಷಕ್ಕೊಂದೋ ಎರಡೋ ಸಲ, ಭಯ ಹುಟ್ಟಿಸಿ, ತಪ್ಪು ಎಲ್ಲಿದೆಯೆಂದು ತೋರಿಸದೆ ನಡೆಸುವುದರಲ್ಲಿ ಇದೆ.

2014ರಲ್ಲಿ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಇಂಜಿನಿಯರಿಂಗ್, ಗಣಿತಗಳ ಕಾಲೇಜು ತರಗತಿಗಳ ಮೇಲೆ ನಡೆದ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಬರೇ ಉಪನ್ಯಾಸ ಕೇಳಿದ ತರಗತಿಗಳಲ್ಲಿ ನೂರಕ್ಕೆ ಸುಮಾರು 34 ಜನ ನಪಾಸಾದರೆ, ನಡುನಡುವೆ ಪ್ರಶ್ನೆ, ಚರ್ಚೆ, ಲೆಕ್ಕ ಬಿಡಿಸುವುದು ಇದ್ದ ತರಗತಿಗಳಲ್ಲಿ ಸುಮಾರು 22 ಜನ ನಪಾಸಾದರು. ನೂರು ಮಕ್ಕಳಲ್ಲಿ ಹನ್ನೆರಡು ಮಕ್ಕಳ ಅಂತರವೆಂದರೆ ಹನ್ನೆರಡು ಮನೆಗಳ ಅಂತರ.

ಮೂರನೆಯದು ಹಳೆಯ ಸಂಗತಿ. 1912ರಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬವರು ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯ ಪ್ರತಿಗಳನ್ನು 142 ಜನ ಶಿಕ್ಷಕರಿಂದ ತಿದ್ದಿಸಿದರು. ಒಬ್ಬರು 64 ಕೊಟ್ಟರು, ಒಬ್ಬರು 98 ಕೊಟ್ಟರು, ಉಳಿದವರದು ನಡುವೆ. ಪತ್ರಿಕೆ ಒಂದೇ, ಬರೆದ ಕೈ ಒಂದೇ. ಒಂದೆರಡು ಅಂಕಕ್ಕಾಗಿ ಅನ್ನ ಬಿಟ್ಟು ಅಳುವ ಮಕ್ಕಳೂ, ಅವರನ್ನು ಬಯ್ಯುವ ಹಿರಿಯರೂ ಈ ಪ್ರಯೋಗವನ್ನು ನೆನಪಿಡುವುದು ಒಳ್ಳೆಯದು.

ನಾಲ್ಕನೆಯದು, ಇಸ್ರೇಲಿನಲ್ಲಿ ಬಟ್ಲರ್ ಎಂಬ ವಿದುಷಿ ಶಾಲೆಯ ಮಕ್ಕಳ ಮೇಲೆ ನಡೆಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನ. ಕೆಲವರಿಗೆ ಅಂಕ ಮಾತ್ರ, ಕೆಲವರಿಗೆ ಎಲ್ಲಿ ಹೇಗೆ ತಿದ್ದಿಕೊಳ್ಳಬೇಕೆಂಬ ಟಿಪ್ಪಣಿ ಮಾತ್ರ, ಕೆಲವರಿಗೆ ಎರಡನ್ನೂ ಕೊಟ್ಟರು. ಮುಂದೆ ಸುಧಾರಿಸಿದವರು ಟಿಪ್ಪಣಿ ಮಾತ್ರ ಪಡೆದವರು. ಎರಡನ್ನೂ ಪಡೆದವರಿಗೆ ಟಿಪ್ಪಣಿಯ ಲಾಭ ಸಿಗಲಿಲ್ಲ. ಅಂಕ ಕಂಡ ಕಣ್ಣು ಮುಂದಿನ ಸಾಲನ್ನು ಓದುವುದಿಲ್ಲವೆಂಬುದು ಇದರ ತಾತ್ಪರ್ಯ.

ಇಷ್ಟಾಯಿತು ಸಾಮಾನ್ಯ ವಿಚಾರ. ಈಗ ನಮ್ಮ ಮಕ್ಕಳ ವಿಶೇಷ ತೊಡಕಿಗೆ ಬರೋಣ. ಅದು ಭಾಷೆಯದು.

ಅಕ್ಕಲಕೋಟ, ಜತ್ತ, ದಕ್ಷಿಣ ಸೋಲಾಪುರ ತಾಲೂಕುಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಮಹಾರಾಷ್ಟ್ರ ಸರಕಾರದ ಪಠ್ಯಪುಸ್ತಕ ಮಂಡಳಿಯಾದ ಬಾಲಭಾರತಿ 1967ರಲ್ಲಿ ಹುಟ್ಟಿದ್ದು ಇದೇ ಪುಣೆಯಲ್ಲಿ. ಅದು ಮರಾಠಿಯ ಜೊತೆಗೆ ಕನ್ನಡದಲ್ಲಿಯೂ ಪುಸ್ತಕ ಅಚ್ಚು ಹಾಕಿಸುತ್ತದೆ. ಗಡಿಯ ಹಳ್ಳಿಯ ಕನ್ನಡ ಹುಡುಗ ಓದುವ ವಿಜ್ಞಾನದ ಪುಸ್ತಕ ಪುಣೆಯಿಂದ ಹೋಗುತ್ತದೆಂಬುದು ನಮ್ಮಲ್ಲಿ ಅನೇಕರಿಗೆ ಹೊಸ ಸುದ್ದಿಯಾದೀತು. ಆದರೆ ಹತ್ತನೆಯ ಇಯತ್ತೆ ದಾಟಿದೊಡನೆ ಆ ಕಾಲುದಾರಿ ಕೊನೆಗೊಳ್ಳುತ್ತದೆ. ಮುಂದೆ ವಿಜ್ಞಾನವೆಂದರೆ ಇಂಗ್ಲಿಷು. ಇಂಡಿ, ಅಫಜಲಪುರಗಳಿಂದ ಬಂದವರದೂ ಇದೇ ಕತೆ. ತರಗತಿಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ, ಕನಸಿನಲ್ಲಿ ಕನ್ನಡ. ಒಂದು ಕಡೆ ಪಾಠದ ಭಾರ, ಇನ್ನೊಂದು ಕಡೆ ಮಾತಿನ ಭಾರ. ಎರಡು ಹೊರೆ ಹೊತ್ತು ಒಂದು ಹೊರೆಯವರ ಜೊತೆ ಓಡಬೇಕು.

ಅಂಥ ಒಬ್ಬ ಹುಡುಗನನ್ನು ನಾವು ಬಲ್ಲೆವು. ಹೆಸರು ಬೇಡ, ಕಾಲೇಜಿನ ಹೆಸರೂ ಬೇಡ. ಗಡಿಭಾಗದ ಒಕ್ಕಲುತನದ ಮನೆಯವನು. ಹತ್ತನೆಯ ಇಯತ್ತೆಯಲ್ಲಿ ಇಡೀ ಶಾಲೆಗೆ ಮೊದಲಿಗ. ಅಪ್ಪ ಸಾಲ ಮಾಡಿ ಪುಣೆಗೆ ಕಳಿಸಿದ್ದ. ಡಿಪ್ಲೊಮಾದ ಮೊದಲ ಸೆಮಿಸ್ಟರಿನಲ್ಲಿ ಮೂರು ವಿಷಯ ಕೆಟ್ಟವು. ಸಂಘದ ಹಿರಿಯ ಇಂಜಿನಿಯರರೊಬ್ಬರು ಅವನನ್ನು ಮನೆಗೆ ಕರೆದು, ಅದೇ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿದರು. ಬಲಗಳ ಸಮತೋಲ, ವಿದ್ಯುತ್ತಿನ ಪ್ರವಾಹ, ಎಲ್ಲವನ್ನೂ ಏತ, ಪಂಪಿನ ಮೋಟಾರುಗಳ ಉದಾಹರಣೆ ಕೊಟ್ಟು ಸರಿಯಾಗಿ ವಿವರಿಸಿದ. ವಿಷಯ ತಿಳಿದಿತ್ತು, ಬರೆಯಲಿಕ್ಕೆ ಮಾತು ಬರಲಿಲ್ಲ. ಯಾರೂ ಅವನಿಗೆ ಅವನ ಉತ್ತರಪತ್ರಿಕೆಯನ್ನು ತೋರಿಸಿ, "ಇಲ್ಲಿ ವಿಚಾರ ಸರಿ ಇದೆ, ವಾಕ್ಯ ತಪ್ಪಿದೆ" ಎಂದು ಹೇಳಿರಲಿಲ್ಲ. ತನಗೆ ತಲೆಯೇ ಇಲ್ಲವೆಂದು ಅವನು ತೀರ್ಮಾನಿಸಿಬಿಟ್ಟಿದ್ದ. ದೀಪಾವಳಿಗೆ ಊರಿಗೆ ಹೋದವನು ಮರಳಿ ಬರಲಿಲ್ಲ. ಈ ಸಂಗತಿಯಲ್ಲಿ ಯಾರ ದುರುದ್ದೇಶವೂ ಇರಲಿಲ್ಲ, ಯಾರ ಕ್ರೌರ್ಯವೂ ಇರಲಿಲ್ಲ. ಆದರೂ ಒಂದು ಮನೆಯ ಸಾಲ ಉಳಿಯಿತು, ಒಂದು ಒಳ್ಳೆಯ ಬುದ್ಧಿ ಕೆಲಸಕ್ಕೆ ಬಾರದೆ ಹೋಯಿತು. ನಾವು ಮಾತಾಡುತ್ತಿರುವ ವಿಷಯ ಒಣದೆಂದು ತಿಳಿದವರು ಈ ಹುಡುಗನ ಅಪ್ಪನನ್ನು ಒಮ್ಮೆ ನೆನೆಯಬೇಕು.

ತಾಯ್ನುಡಿಯಲ್ಲಿ ಉಚ್ಚ ಶಿಕ್ಷಣ ಆಗದ ಮಾತೆಂದು ಹೇಳುವವರಿಗೆ ಪುಣೆಯೇ ಉತ್ತರ ಕೊಟ್ಟಿದೆ. ಮಹರ್ಷಿ ಕರ್ವೆಯವರು ಫರ್ಗ್ಯುಸನ್ನಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಲೆ, 1916ರಲ್ಲಿ ಇಲ್ಲಿ ಮಹಿಳಾ ವಿದ್ಯಾಪೀಠವನ್ನು ಸ್ಥಾಪಿಸಿದರು. ಅಲ್ಲಿ ಪಾಠ ತಾಯ್ನುಡಿಯಲ್ಲಿ. ಇಂಗ್ಲಿಷು ಕಲಿಯಬೇಕಾದ ಒಂದು ವಿಷಯ. ಅಂದಿನ ಕಾಲಕ್ಕೆ ಅದು ಎಂಥ ಧೈರ್ಯ! ಇಂದು ಕಾಲವೂ ಸ್ವಲ್ಪ ಅನುಕೂಲವಾಗಿದೆ. ವೈದ್ಯಕೀಯದ ನೀಟ್ ಪರೀಕ್ಷೆಯನ್ನು 2017ರಿಂದ, ಇಂಜಿನಿಯರಿಂಗಿನ ಜೆಇಇ ಮೇನ್ ಪರೀಕ್ಷೆಯನ್ನು 2021ರಿಂದ ಕನ್ನಡದಲ್ಲಿ ಬರೆಯಲು ಬರುತ್ತದೆ. ಹಾಗೆಂದು ಇಂಗ್ಲಿಷನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಕೆಲಸ ಕೊಡುವವರು ಇಂಗ್ಲಿಷಿನಲ್ಲಿ ಕೇಳುವವರೆಗೆ ಅದನ್ನು ಬಿಡಿಸುವುದು ಬಡವರ ಮಕ್ಕಳಿಗೆ ದ್ರೋಹವಾದೀತು. ತಿಳಿಯುವುದು ಕನ್ನಡದಲ್ಲಿ ಮೊದಲಾಗಲಿ, ಹೇಳುವುದು ಇಂಗ್ಲಿಷಿನಲ್ಲಿ ಪಳಗಲಿ. ಎರಡಕ್ಕೂ ನಡುವೆ ಒಂದು ಸೇತುವೆ ಇರಲಿ ಎಂಬುದಷ್ಟೇ ನಮ್ಮ ಮಾತು.

ಇನ್ನು ಮಾಡತಕ್ಕ ಕೆಲಸಗಳು. ಮೊದಲು ಅಧ್ಯಾಪಕ ಬಂಧುಗಳಿಗೆ ನಮ್ಮ ವಿನಂತಿ. ಈ ಸಭೆಯಲ್ಲಿಯೇ ಹಲವರು ಕಾಲೇಜುಗಳಲ್ಲಿ ಕಲಿಸುವವರಿದ್ದಾರೆ. ಗೋಖಲೆಯವರು ಫರ್ಗ್ಯುಸನ್ನಿನಲ್ಲಿ ಗಣಿತವನ್ನೂ ಇಂಗ್ಲಿಷನ್ನೂ ಇತಿಹಾಸ, ಅರ್ಥಶಾಸ್ತ್ರಗಳನ್ನೂ, ಕಡಿಮೆ ಸಂಬಳದ ಮೇಲೆ, ಸುಮಾರು ಇಪ್ಪತ್ತು ವರ್ಷ ಕಲಿಸಿದರು. ಅಷ್ಟು ತ್ಯಾಗವನ್ನು ಎಲ್ಲರಿಂದ ಕೇಳುವುದು ನ್ಯಾಯವಲ್ಲ. ಗಂಟೆಯ ಲೆಕ್ಕದಲ್ಲಿ ಸಂಬಳ ಪಡೆಯುವ ತಾತ್ಕಾಲಿಕ ಅಧ್ಯಾಪಕರ ಬವಣೆಯನ್ನು ನಾವು ಬಲ್ಲೆವು. ಖರ್ಚಿಲ್ಲದ ಮೂರು ಕೆಲಸಗಳನ್ನು ಮಾತ್ರ ಸೂಚಿಸುತ್ತೇವೆ. ಪಾಠದ ಕೊನೆಯ ಐದು ನಿಮಿಷ ಒಂದೇ ಪ್ರಶ್ನೆ ಕೊಟ್ಟು, ಪುಸ್ತಕ ಮುಚ್ಚಿ ಒಂದು ಚೀಟಿಯಲ್ಲಿ ಉತ್ತರ ಬರೆಸುವುದು. ಎಲ್ಲವನ್ನೂ ತಿದ್ದಬೇಕಾಗಿಲ್ಲ, ಹತ್ತು ಚೀಟಿ ಓದಿದರೆ ತರಗತಿ ಎಲ್ಲಿ ನಿಂತಿದೆಯೆಂದು ತಿಳಿಯುತ್ತದೆ, ಮಾರನೆಯ ದಿನ ಅಲ್ಲಿಂದ ಆರಂಭಿಸಬಹುದು. ಎರಡನೆಯದು, ಅಕ್ಕಪಕ್ಕದ ಹುಡುಗರು ಎರಡು ನಿಮಿಷ ತಮಗೆ ಬರುವ ಯಾವುದೇ ಭಾಷೆಯಲ್ಲಿ ಒಬ್ಬರಿಗೊಬ್ಬರು ವಿವರಿಸಲು ಬಿಡುವುದು. ಅದು ಗದ್ದಲವಲ್ಲ, ಕಲಿಕೆ. ಮೂರನೆಯದು, ಮನೆಗೆಲಸ ಒಪ್ಪಿಸಿದವನನ್ನು ನಿಲ್ಲಿಸಿ ಅದರ ಮೇಲೆ ಎರಡು ಪ್ರಶ್ನೆ ಬಾಯಿಮಾತಿನಲ್ಲಿ ಕೇಳುವುದು. ಯಂತ್ರ ಬರೆದದ್ದೋ ತಾನೇ ಬರೆದದ್ದೋ ಎರಡೇ ನಿಮಿಷದಲ್ಲಿ ಹೊರಬೀಳುತ್ತದೆ. ಯಂತ್ರದ ಸಹಾಯ ಪಡೆದು, ಅರ್ಥ ಮಾಡಿಕೊಂಡು ಬಂದಿದ್ದರೆ ಅದರಲ್ಲೂ ತಪ್ಪಿಲ್ಲ.

ವಿದ್ಯಾರ್ಥಿಗಳಿಗೆ ಎರಡು ಮಾತು. ಒಂದೇ ಪುಟವನ್ನು ಹತ್ತು ಸಲ ಓದಿ ಬಣ್ಣದ ಪೆನ್ನಿನಿಂದ ಗೆರೆ ಎಳೆಯುವುದರಿಂದ ಬಂದಂತೆ ಅನಿಸುತ್ತದೆ, ಬಂದಿರುವುದಿಲ್ಲ. ಒಮ್ಮೆ ಓದಿ, ಮುಚ್ಚಿಟ್ಟು, ನೆನಪಿನಿಂದ ಬರೆಯಿರಿ. ಮೂರು ದಿನ ಬಿಟ್ಟು ಮತ್ತೆ ಬರೆಯಿರಿ; ವಾರ ಬಿಟ್ಟು ಮತ್ತೊಮ್ಮೆ. ಎರಡನೆಯದು, ನಿಮ್ಮ ಉತ್ತರಪತ್ರಿಕೆಯನ್ನು ನೋಡುವುದು ನಿಮ್ಮ ಹಕ್ಕು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾಹಿತಿ ಹಕ್ಕಿನ ಕಾಯಿದೆಯಂತೆ ಪರೀಕ್ಷೆಗೆ ಕೂತವನು ತಿದ್ದಿದ ತನ್ನ ಪತ್ರಿಕೆಯನ್ನು ನೋಡಬಹುದೆಂದು ತೀರ್ಪು ಕೊಟ್ಟಿದೆ. ಅಂಕ ಹೆಚ್ಚಿಸಿಕೊಳ್ಳಲಿಕ್ಕೆ ಮಾತ್ರವಲ್ಲ, ತಪ್ಪು ತಿಳಿಯಲಿಕ್ಕೆ ಅದನ್ನು ನೋಡಿರಿ.

ತಾಯಿ-ತಂದೆಯರಲ್ಲಿ ಒಂದೇ ಪ್ರಾರ್ಥನೆ. ಊರಿನಿಂದ ಮಗನಿಗೆ ಫೋನು ಮಾಡಿದಾಗ "ಎಷ್ಟು ಬಿದ್ದಾವು?" ಎನ್ನುವ ಮುಂಚೆ "ಈ ವಾರ ಏನು ಕಲಿತಿ, ನನಗೂ ತಿಳಿಯುವಂಗ ಹೇಳು" ಎಂದು ಕೇಳಿರಿ. ಶಾಲೆಗೆ ಹೋಗದ ತಾಯಿಯೂ ಈ ಪ್ರಶ್ನೆ ಕೇಳಬಲ್ಲಳು. ಅವಳಿಗೆ ತಿಳಿಯುವಂತೆ ಹೇಳಲು ಬಂದರೆ ಅವನಿಗೆ ವಿಷಯ ಬಂದಿದೆಯೆಂದೇ ಅರ್ಥ. ಕಾಲೇಜಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮೌಖಿಕ ಪರೀಕ್ಷೆ ಯಾವ ವಿದ್ಯಾಪೀಠದಲ್ಲೂ ಇಲ್ಲ. ಹಾಗೆ ಹೇಳುವಾಗ ಅವನ ಕನ್ನಡವೂ ಬೆಳೆಯುತ್ತದೆ. ಪುಣೆಯಲ್ಲಿಯೇ ಹುಟ್ಟಿ ಬೆಳೆದು, ಕನ್ನಡವನ್ನು ಊಟ-ತಿಂಡಿಯ ಮಾತಿಗೆ ಮಾತ್ರ ಉಳಿಸಿಕೊಂಡ ನಮ್ಮ ಮಕ್ಕಳಿಗೆ ಇದು ಇನ್ನೂ ಅಗತ್ಯ.

ಕೊನೆಯದಾಗಿ ಸಂಘದ ಪಾಲಿನ ಕೆಲಸ. ನಮ್ಮ ನಾಡಿನ ಹಿರಿಯರು ಇದನ್ನು ಮಾಡಿ ತೋರಿಸಿದ್ದಾರೆ. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ 945ರ ಶಾಸನವೊಂದಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ವಿದ್ಯಾಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಇರಲಿಕ್ಕೆ ಮನೆಗಳ ವ್ಯವಸ್ಥೆಯೂ ಇತ್ತು. ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನದಲ್ಲಿ ವೇದ ಓದುವವರು 200, ಶಾಸ್ತ್ರ ಓದುವವರು 50, ಕಲಿಸುವವರು 6, ಗ್ರಂಥಭಂಡಾರ ನೋಡುವವರು 6 ಎಂಬ ಲೆಕ್ಕವಿದೆ. ಕಲಿಸುವವರೆಷ್ಟೋ ಪುಸ್ತಕ ಕಾಯುವವರೂ ಅಷ್ಟೇ! ಆ ವಿದ್ಯೆ ಅಂದು ಎಲ್ಲರಿಗೂ ತೆರೆದಿರಲಿಲ್ಲವೆಂಬುದು ನಿಜ. ತೆರೆಯುವ ಕೆಲಸವನ್ನು ಮುಂದೆ 1848ರಲ್ಲಿ ಇದೇ ಪುಣೆಯ ಭಿಡೆ ವಾಡೆಯಲ್ಲಿ ಫುಲೆ ದಂಪತಿಗಳು ಹೆಣ್ಣುಮಕ್ಕಳ ಶಾಲೆಯಿಂದ ಆರಂಭಿಸಿದರು. ದೂರದಿಂದ ಬಂದವನಿಗೆ ನೆಲೆ, ಓದುವವನಿಗೆ ಪುಸ್ತಕ, ಬಾಗಿಲು ಎಲ್ಲರಿಗೂ ತೆರೆದದ್ದು: ಈ ಮೂರನ್ನು ಕೂಡಿಸಿದರೆ ನಮ್ಮ ಕೆಲಸದ ರೂಪ ಸಿಗುತ್ತದೆ.

ನಾವು ಸೂಚಿಸುವ ಯೋಜನೆ ಸಣ್ಣದು. ಕಾಲೇಜು ಆರಂಭವಾದ ಮೇಲಿನ ಮೊದಲ ಎಂಟು ಭಾನುವಾರ, ಎರಡೆರಡು ತಾಸು, ಸಂಘದ ಜಾಗದಲ್ಲಿ ಹೊಸದಾಗಿ ಬಂದ ಮಕ್ಕಳು ಸೇರಲಿ. ನಿವೃತ್ತ ಶಿಕ್ಷಕರು, ಇಂಜಿನಿಯರರು, ಬ್ಯಾಂಕಿನವರು, ಡಾಕ್ಟರರು ನಮ್ಮಲ್ಲಿ ಕಡಿಮೆಯಿಲ್ಲ. ಒಂದು ತಾಸು ವಿಷಯವನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು. ಇನ್ನೊಂದು ತಾಸು ಅದನ್ನೇ ಇಂಗ್ಲಿಷಿನಲ್ಲಿ ಮಕ್ಕಳಿಂದ ಬರೆಸಿ, ಅಂಕ ಹಾಕದೆ, ಬದಿಯಲ್ಲಿ ಟಿಪ್ಪಣಿ ಬರೆದು ಅಂದೇ ಮರಳಿ ಕೊಡುವುದು. ಪ್ರತಿಯೊಂದು ವಿಷಯದಲ್ಲಿ ನೂರು ನೂರು ಪಾರಿಭಾಷಿಕ ಶಬ್ದಗಳನ್ನು ಕನ್ನಡ, ಇಂಗ್ಲಿಷ್, ಮರಾಠಿ ಮೂರರಲ್ಲೂ ಜೋಡಿಸಿ ಒಂದು ಕಿರುಪುಸ್ತಕ ಮಾಡುವುದು. ಹಿರಿಯ ವಿದ್ಯಾರ್ಥಿಗಳು ಓದಿ ಮುಗಿಸಿದ ಪುಸ್ತಕಗಳನ್ನು ಕಿರಿಯರಿಗಾಗಿ ಒಂದು ಕಪಾಟಿನಲ್ಲಿ ಇಡುವುದು. ಒಬ್ಬೊಬ್ಬ ಹಿರಿಯ ಸದಸ್ಯರು ಒಬ್ಬೊಬ್ಬ ಮಗುವಿನ ಹೊಣೆ ಹೊತ್ತು, ಮೊದಲ ಸೆಮಿಸ್ಟರಿನ ಫಲಿತಾಂಶ ಬಂದ ವಾರ ತಪ್ಪದೆ ಅವರನ್ನು ಮನೆಗೆ ಊಟಕ್ಕೆ ಕರೆಯುವುದು. ಆ ವಾರವೇ ಮಕ್ಕಳು ಕುಗ್ಗುವ ವಾರ. ಆಗ ಒಂದು ತುತ್ತು ಅನ್ನವೂ ಒಂದು ಒಳ್ಳೆಯ ಮಾತೂ ಅವರನ್ನು ಊರಿನ ಬಸ್ಸು ಹತ್ತದಂತೆ ತಡೆದಾವು.

ಇದಕ್ಕೆ ದೊಡ್ಡ ನಿಧಿ ಬೇಡ, ಸರಕಾರದ ಅಪ್ಪಣೆ ಬೇಡ. ವಿದ್ಯಾಪೀಠಗಳು ತಮ್ಮ ಪರೀಕ್ಷಾ ಪದ್ಧತಿಯನ್ನು ಪೂರ್ತಿ ಸುಧಾರಿಸುವವರೆಗೆ ಕಾಯುತ್ತ ಕೂಡುವುದೂ ಬೇಡ. ಈ ಸಭೆ ಮುಗಿದ ಮೇಲೆ ಬಾಗಿಲ ಬಳಿ ಒಂದು ವಹಿಯನ್ನು ಇಡಲಾಗುವುದು. ಭಾನುವಾರದ ಎರಡು ತಾಸು ಕೊಡಬಲ್ಲವರು ತಮ್ಮ ಹೆಸರನ್ನೂ, ಕಲಿಸಬಲ್ಲ ವಿಷಯವನ್ನೂ ಅದರಲ್ಲಿ ಬರೆಯಬೇಕೆಂದು ಕೇಳಿಕೊಳ್ಳುತ್ತೇವೆ. ಮುಂದಿನ ರಾಜ್ಯೋತ್ಸವದ ಹೊತ್ತಿಗೆ ಆ ವಹಿಯಲ್ಲಿ ಕಲಿಸಿದವರ ಹೆಸರುಗಳ ಜೊತೆಗೆ ಕಲಿತವರ ಹೆಸರುಗಳೂ ಇರಲಿ.